ಖಾನಾಪುರದ ಸಮುದ್ರ

ಘಟ್ಟದ ಮೇಲಿನ ಬೆಳಗಾವಿಯಲ್ಲಿ ಒಂದು ಸಮುದ್ರ ಅಧ್ಯಯನ ಕೇಂದ್ರವಿತ್ತು, ಅಲ್ಲಿ ನಾನು ಕೆಲವು ವರ್ಷ ನೌಕರಿ ಮಾಡಿದೆ ಎಂದರೆ ಜನ ನಗುತ್ತಾರೆ. ನಗಲು ಕಾರಣ ಬೇಕಾದಷ್ಟಿವೆ. ಆದರೆ ಅವರು ಆರಿಸಿಕೊಳ್ಳುವ ಕಾರಣ ತಪ್ಪು. ಸಮುದ್ರದ ಬಿಸಿ-ತಂಪಿನ ನಕಾಶೆ ಮಾಡುವವರು ದಂಡೆಯ ಮೇಲೆ ಕೂತಿರಬೇಕೆಂದೇನೂ ಇಲ್ಲ. ನೀರಿನ ಮೇಲೆ ತೇಲುತ್ತ ಅಳೆಯುವ ಯಂತ್ರಗಳಾದ ಬೋಯ್‌ಗಳು, ಹಡಗುಗಳು, ಉಪಗ್ರಹಗಳು ಅಳೆದದ್ದೆಲ್ಲ ದಿನವೂ ಇಂಟರ್ನೆಟ್ಟಿನಲ್ಲಿ ಬಂದು ಬೀಳುತ್ತದೆ. ಗಣಿತದ ಮಾದರಿ ಲೆಕ್ಕ ಹಾಕಿ ಹೇಳಿದ್ದೂ ಹಾಗೇ ಬರುತ್ತದೆ. ಎರಡನ್ನೂ ಕೂಡಿಸಿ ಒಂದು ನಕಾಶೆ ಮಾಡುವ ಕೆಲಸವನ್ನು ಬೆಳಗಾವಿಯಲ್ಲಾದರೂ ಮಾಡಬಹುದು, ಬೀದರಿನಲ್ಲಾದರೂ ಮಾಡಬಹುದು. ಮಾಡಬೇಕೆಂಬ ಮನಸ್ಸಿರಬೇಕು ಅಷ್ಟೆ.

ನಮ್ಮ ಕೇಂದ್ರಕ್ಕಿದ್ದ ಮನಸ್ಸು ಬೇರೆ. ಒಂದು ಖಾಸಗಿ ಕಾಲೇಜಿನ ಮೂರನೆಯ ಮಹಡಿಯಲ್ಲಿ ಅದನ್ನು ಹುಟ್ಟಿಸಿದ್ದರು. ಪರಿಶೀಲನೆಗೆ ಬರುವ ತಂಡಗಳಿಗೆ ಏನಾದರೂ ಹೊಸದನ್ನು ತೋರಿಸಬೇಕಿತ್ತಂತೆ. ಪಕ್ಕದ ಕಾಲೇಜಿನವರು ಬಾಹ್ಯಾಕಾಶ ಕೇಂದ್ರ ತೆರೆದುಬಿಟ್ಟಿದ್ದರಿಂದ ಇವರಿಗೆ ಸಮುದ್ರ ಉಳಿಯಿತು.

ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ರಾಮತೀರ್ಥ ನಗರದಲ್ಲಿ. ಭೌತಶಾಸ್ತ್ರ ಓದಿ ಕರಾವಳಿಯ ಒಂದು ಸಂಶೋಧನಾ ಸಂಸ್ಥೆ ಸೇರಿದೆ. ಅಲ್ಲಿ ಬಹಳ ವರ್ಷ ಇದೇ ನಕಾಶೆಯ ಕೆಲಸ ಮಾಡಿ, ತಡವಾಗಿ ಮದುವೆಯಾಗಿ ಖಾನಾಪುರದ ಸೊಸೆಯಾದೆ. ಗಂಡನದು ಖಾನಾಪುರದ ಪೇಟೆಯಲ್ಲಿ ಔಷಧದ ಅಂಗಡಿ. ಸಮುದ್ರ ಬಿಟ್ಟು ಬಂದವಳಿಗೆ ಬೆಳಗಾವಿಯಲ್ಲಿ ಸಮುದ್ರದ್ದೇ ನೌಕರಿ ಸಿಕ್ಕಿತೆಂದು ನಮ್ಮವರೆಲ್ಲ ದೇವರಿಗೆ ಕೈಮುಗಿದರು. ಮೊದಲ ದಿನ ನಿರ್ದೇಶಕರ ಕೋಣೆಗೆ ಕಾಲಿಟ್ಟಾಗಲೇ ನನಗೆ ಸ್ವಲ್ಪ ಅನುಮಾನ ಬಂತು. ಗೋಡೆಯ ಮೇಲೆ ಪ್ಲೈವುಡ್ಡಿನ ಹಡಗಿನ ಚಕ್ರ, ಮೇಜಿನ ಮೇಲೆ ಶಂಖ, ಮೂಲೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಬಂಗಾರದ ಬಣ್ಣದ ಮೀನು. ಬಂದವರಿಗೆಲ್ಲ ಅವರು ಆ ಮೀನು ತೋರಿಸಿ ಸಾಗರದ ಜೀವವೈವಿಧ್ಯದ ಬಗ್ಗೆ ಮಾತಾಡುತ್ತಿದ್ದರು. ಆ ಮೀನು ಸಿಹಿನೀರಿನದು. ಸಮುದ್ರಕ್ಕೆ ಬಿಟ್ಟರೆ ಸಂಜೆಯೊಳಗೆ ಸಾಯುತ್ತದೆ.

ಅವರ ಡಾಕ್ಟರೇಟ್ ಯಾವ ವಿಷಯದಲ್ಲಿ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಮಾತು ಮಾತ್ರ ಚೆನ್ನಾಗಿತ್ತು. ತುಂಬಿದ ಮೈ, ಮಡಿಸಿ ಇಸ್ತ್ರಿ ಮಾಡಿದ ಕರವಸ್ತ್ರ, ಯಾರನ್ನೂ ಗದರಿಸದ ದನಿ. ಕೆಟ್ಟ ಮನುಷ್ಯ ಎನ್ನಲಾರೆ. ಕೆಟ್ಟವನಾಗಲು ಬೇಕಾದಷ್ಟು ಗಮನವನ್ನೂ ಅವರು ಯಾವ ಕೆಲಸಕ್ಕೂ ಕೊಟ್ಟವರಲ್ಲ.

ಕೇಂದ್ರದಲ್ಲಿ ಖರೆ ಕೆಲಸ ಮಾಡುತ್ತಿದ್ದವರು ಇಬ್ಬರು. ನಾನೊಬ್ಬಳು. ಇನ್ನೊಬ್ಬಳು ಗಣಕ ವಿಭಾಗದಿಂದ ಎರವಲು ಬಂದ ಅಧ್ಯಾಪಕಿ, ನನಗಿಂತ ಐದಾರು ವರ್ಷ ಚಿಕ್ಕವಳು. ಅವಳೂ ಖಾನಾಪುರದವಳೇ. ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ, ರೈಲಿನಲ್ಲಿ ಎರಡೂ. ಬೆಳಿಗ್ಗೆ ಒಂದೇ ಪ್ಯಾಸೆಂಜರ್ ಗಾಡಿಗೆ ಹತ್ತಿ ಇದಲಹೊಂಡ, ದೇಸೂರ ದಾಟುವಷ್ಟರಲ್ಲಿ ನಮ್ಮ ಮನೆಮಾತೆಲ್ಲ ಮುಗಿದು ಕೆಲಸದ ಮಾತು ಶುರುವಾಗುತ್ತಿತ್ತು. ಪ್ರೋಗ್ರಾಮು ಬರೆಯುವುದರಲ್ಲಿ ಅವಳು ಚುರುಕು. ಸಮುದ್ರ ಮಾತ್ರ ಅವಳಿಗೆ ಹೊಸದು. ಮಾದರಿ ಎಂದರೇನು, ಅಳತೆ ಎಂದರೇನು, ಎರಡನ್ನೂ ಯಾಕೆ ಕೂಡಿಸಬೇಕು ಎಂದು ಒಂದು ದಿನ ರೈಲಿನಲ್ಲಿ ಕೇಳಿದಳು.

ನಾನು ಮದುವೆಯ ಉದಾಹರಣೆ ಕೊಟ್ಟೆ. ಮಾದರಿ ಎಂದರೆ ಮದುವೆಗೆ ಹೋಗದೆಯೇ ಮದುವೆ ಹೇಗಾಗಿರಬೇಕೆಂದು ಹೇಳಬಲ್ಲ ಹಿರಿಯ. ಎರಡೂ ಮನೆತನ ಬಲ್ಲವನು, ರೀತಿ ರಿವಾಜು ಬಲ್ಲವನು. ಮೊದಲಿನಿಂದ ಕೊನೆಯವರೆಗೆ ಹೇಳುತ್ತಾನೆ, ಬಹುಪಾಲು ಸರಿಯಾಗೇ ಹೇಳುತ್ತಾನೆ. ಅಳತೆ ಎಂದರೆ ಮದುವೆಗೆ ಹೋಗಿ ಒಂದು ಕಂಬದ ಹಿಂದೆ ಕೂತು ಬಂದವನು. ಕಂಡದ್ದು ಸ್ವಲ್ಪ, ಆದರೆ ಕಣ್ಣಾರೆ ಕಂಡದ್ದು. ಹಿರಿಯನ ಕಥೆಯನ್ನು ಹಿಡಿದುಕೊಂಡು, ಕಂಬದ ಹಿಂದೆ ಕೂತವನು ಹೇಳಿದ ಜಾಗದಲ್ಲಿ ತಿದ್ದಬೇಕು. ಎಷ್ಟು ತಿದ್ದಬೇಕು ಎಂಬುದು, ಇಬ್ಬರಲ್ಲಿ ಯಾರು ಎಷ್ಟು ಸಲ ತಪ್ಪಿದ್ದಾರೆ ಎಂಬುದರ ಮೇಲೆ. ನಮ್ಮ ವಿದ್ಯೆಯೆಲ್ಲ ಇರುವುದು ಆ ತೂಗುವುದರಲ್ಲಿ.

“ಹಂಗಾರ ಮದಿವಿ ಖರೇ ಹೆಂಗಾತು ಅನ್ನೂದು ಯಾರಿಗೂ ಗೊತ್ತಿಲ್ಲೇನ್ರಿ ಅಕ್ಕಾ?” ಎಂದಳು.

ಪೂರ್ತಿ ಯಾರಿಗೂ ಗೊತ್ತಿಲ್ಲ, ಅದಕ್ಕೇ ಸುಳ್ಳು ಹೇಳದಂತೆ ಎಚ್ಚರಿಕೆ ಬೇಕು ಎಂದೆ. ಅವಳಿಗೆ ಅದು ಹಿಡಿಸಿತು. ಆರು ತಿಂಗಳಲ್ಲಿ ನನ್ನಷ್ಟೇ ಚೆನ್ನಾಗಿ ತೂಗಲು ಕಲಿತಳು.

ಹೀಗೆ ನಾವಿಬ್ಬರೂ ಅರಬ್ಬಿ ಸಮುದ್ರದ ದಿನದಿನದ ನಕಾಶೆ ಮಾಡುತ್ತಿದ್ದೆವು. ಬಿಸಿ ನೀರು ಕೆಂಪು, ತಂಪು ನೀರು ನೀಲಿ. ನಿರ್ದೇಶಕರಿಗೆ ಕೆಂಪೆಂದರೆ ಪ್ರಾಣ. ಸಮುದ್ರ ಬಿಸಿಯಾಗುತ್ತಿದೆ ಎಂಬುದು ಪೇಪರಿನವರಿಗೂ ಬೇಕಾದ ಸುದ್ದಿ. ಅದು ಖರೆಯೂ ಹೌದು. ಖರೆ ಇರುವುದರಿಂದಲೇ ಅದಕ್ಕೆ ಯಾರ ಸುಳ್ಳಿನ ಸಹಾಯವೂ ಬೇಕಿರಲಿಲ್ಲ. ಆದರೆ ಕೆಂಪು ಒಂದು ತೂಕ ಹೆಚ್ಚೇ ಇರಲಿ ಎಂಬ ಆಸೆ ಅವರದು, ಭಜಿಗೆ ಖಾರ ಹಾಕಿದ ಹಾಗೆ.

ಆ ವರ್ಷ ಮಳೆಗಾಲ ಜೋರಾಗಿತ್ತು. ಮುಂದಿನ ತಿಂಗಳು ಕೇಂದ್ರಕ್ಕೆ ದೊಡ್ಡ ಪರದೆಯೊಂದು ಬರುವುದಿತ್ತು. ಗೋಡೆಯಗಲದ, ಮುಟ್ಟಿದರೆ ಆ ಜಾಗದ ಹೆಸರು ಮತ್ತು ತಾಪಮಾನ ತೋರಿಸುವ ಪರದೆ. ಅದರ ಉದ್ಘಾಟನೆಗೆ ಹೊರಗಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಅಷ್ಟರಲ್ಲಿ ಕಾರವಾರದ ದಕ್ಷಿಣಕ್ಕಿದ್ದ ಒಂದು ಬೋಯ್, ನೀರು ತಣ್ಣಗಾಗಿದೆ ಎಂದು ಹೇಳಲು ಶುರುಮಾಡಿತು. ಮಾದರಿ ಹಾಗೆ ಹೇಳುತ್ತಿರಲಿಲ್ಲ. ಉಪಗ್ರಹಕ್ಕೆ ಮೋಡ ಅಡ್ಡ. ಮೊದಲ ದಿನ ನನಗೂ ಅನುಮಾನ ಬಂತು, ಯಂತ್ರ ಕೆಡುವುದುಂಟು. ಎರಡನೆಯ ದಿನ ಆ ಕಡೆ ಹಾದುಹೋದ ಹಡಗೊಂದರ ಅಳತೆಯೂ ಅದನ್ನೇ ಹೇಳಿತು. ಮಳೆಗಾಲದ ಗಾಳಿ ದಂಡೆಗೆ ಓರೆಯಾಗಿ ದಕ್ಷಿಣದತ್ತ ಬೀಸಿ, ಭೂಮಿಯ ತಿರುಗುವಿಕೆಗೆ ದಂಡೆಯ ಹತ್ತಿರದ ಮೇಲಿನ ನೀರು ಆಚೆ ಸರಿದಾಗ ಕೆಳಗಿನ ತಣ್ಣನೆಯ ನೀರು ಮೇಲೆ ಬರುವುದು ಆ ಸಮುದ್ರದಲ್ಲಿ ಹೊಸದೇನೂ ಅಲ್ಲ. ನಾನು ಅಳತೆಗೆ ತೂಕ ಹೆಚ್ಚಿಸಿದೆ. ನಕಾಶೆಯಲ್ಲಿ ದಂಡೆಗುಂಟ ಒಂದು ನೀಲಿ ಪಟ್ಟಿ ಮೂಡಿತು.

ನಿರ್ದೇಶಕರು ಕರೆಸಿದರು. ಪಟ್ಟಿಯ ಮೇಲೆ ಬೆರಳಿಟ್ಟು, ಇದು ಕಲೆ ಬಿದ್ದ ಹಾಗೆ ಕಾಣುತ್ತದೆ ಎಂದರು. ಅಲ್ಲಿಯ ನೀರು ನಿಜವಾಗಿ ತಂಪಾಗಿದೆ ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಅವರ ದೊಡ್ಡ ಗುಣ ಅದು, ಪೂರ್ತಿ ಕೇಳುತ್ತಿದ್ದರು.

“ಖರೇ ಐತ್ರಿ ಮೇಡಂ. ಆದ್ರ ಬಂದವರ ಮುಂದ ಸಮುದ್ರ ಕಾಯಾಕತ್ತೈತಿ ಅಂತ ನಾ ಭಾಷಣ ಮಾಡೂವಾಗ ಹಿಂದ ನೀಲಿ ಕಂಡ್ರ ಹೆಂಗ? ಆ ಒಂದ ಬೋಯ್ ತಗದ ಬಿಡ್ರಿ. ಮಾದರಿ ಸಾಕು.”

“ಆಗಂಗಿಲ್ರಿ ಸರ್” ಎಂದೆ.

ಅವರು ಸಿಟ್ಟಾಗಲಿಲ್ಲ. ಇನ್ನೊಂದು ವಿಷಯವೂ ಇದೆ ಎಂದರು. ಸಮುದ್ರ ಮುಗಿದ ಕೂಡಲೆ ನಕಾಶೆ ಬಿಳಿಯಾಗಿ ಬಿಡುತ್ತದಲ್ಲ, ಅರ್ಧ ಪರದೆ ಖಾಲಿ ಖಾಲಿ ಕಾಣುತ್ತದೆ, ಅದಕ್ಕೇನಾದರೂ ಮಾಡಲು ಬರುತ್ತದೆಯೇ ಎಂದು ಕೇಳಿದರು. ಅದು ನೆಲ ಸರ್ ಎಂದು ಹೇಳಿ ಎದ್ದು ಬಂದೆ. ಇಂಥವರ ಕೈಕೆಳಗೆ ದುಡಿಯುತ್ತೇನಲ್ಲ ಎಂದು ಆ ಸಂಜೆ ರೈಲಿನಲ್ಲಿ ಗೆಳತಿಯ ಮುಂದೆ ಎಷ್ಟು ಆಡಿಕೊಂಡೆನೋ. ಅವಳು ಯಾಕೋ ನಗಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.

ಉದ್ಘಾಟನೆಯ ದಿನ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಎರಡು ಕಾರು ಹೋದವು. ಒಂದು ಅತಿಥಿಗಳಿಗೆ, ಇನ್ನೊಂದು ಅವರನ್ನು ಎದುರುಗೊಳ್ಳುವವರ ಫೋಟೋ ತೆಗೆಯುವವರಿಗೆ. ಸಭೆಯಲ್ಲಿ ಶಾಲು, ಗಂಧದ ಹಾರ, ಕುಂದಾದ ಡಬ್ಬಿಗಳು, ಪ್ರಾರ್ಥನೆ, ಆಮೇಲೆ ಮತ್ತೆ ಶಾಲು. ಕೊನೆಗೆ ನಿರ್ದೇಶಕರು ಗುಂಡಿ ಒತ್ತಿದರು. ಗೋಡೆಯ ತುಂಬ ಕೆಂಪು.

ನೀಲಿ ಪಟ್ಟಿ ಇರಲಿಲ್ಲ. ಅದು ಇರದು ಎಂದು ಪರದೆ ತೆರೆಯುವ ಮೊದಲೇ ನನಗೆ ಅನಿಸಿತ್ತು. ನಾನು ದಂಗಾದದ್ದು ಇನ್ನೊಂದಕ್ಕೆ. ದಂಡೆಗೆ ಬಂದು ನಿಲ್ಲಬೇಕಾದ ಕೆಂಪು ನಿಂತಿರಲಿಲ್ಲ. ಕಾರವಾರ ಹತ್ತಿ, ಘಟ್ಟ ಏರಿ, ಖಾನಾಪುರ ನುಂಗಿ, ಬೆಳಗಾವಿ ದಾಟಿ ಪರದೆಯ ಅಂಚಿನವರೆಗೂ ಹೋಗಿತ್ತು. ಮೇಲೆ ಜಿಲ್ಲೆಯ ಊರುಗಳ ಹೆಸರು ಬೇರೆ. ನೆಲ ಯಾವುದು, ನೀರು ಯಾವುದು ಎಂದು ಬೇರ್ಪಡಿಸುವ ಹಂತವನ್ನೇ ಪ್ರೋಗ್ರಾಮಿನಿಂದ ತೆಗೆದಿದ್ದರು. ಖಾಲಿ ಜಾಗ ತುಂಬಿಸು ಎಂದರೆ ಗಣಿತಕ್ಕೇನು, ಪಕ್ಕದ ಬಣ್ಣವನ್ನೇ ಎಳೆದು ಹಚ್ಚುತ್ತದೆ.

ಯಾರಾದರೂ ಏನಾದರೂ ಅಂದಾರು ಎಂದು ನೋಡಿದೆ. ಸಭೆಯಲ್ಲಿ ಎಂಜಿನಿಯರುಗಳಿದ್ದರು, ಪ್ರಾಧ್ಯಾಪಕರಿದ್ದರು, ಭೂಗೋಳ ಕಲಿಸುವವರೇ ಇದ್ದರು. ಆಡಳಿತ ಮಂಡಳಿಯ ಒಬ್ಬ ಹಿರಿಯ ಸದಸ್ಯರು ಖಾನಾಪುರ ಕಡೆಯವರು. ನಿರ್ದೇಶಕರು ಅವರ ಕೈಹಿಡಿದು ಪರದೆಯ ಹತ್ತಿರ ಕರೆದೊಯ್ದು ನಿಮ್ಮ ಊರು ಮುಟ್ಟಿ ಎಂದರು. ಅವರು ಮುಟ್ಟಿದರು. ಪರದೆಯ ಮೇಲೆ ಮೂಡಿದ್ದನ್ನು ಗಟ್ಟಿಯಾಗಿ ಓದಿದರು: ಖಾನಾಪುರ, ಸಮುದ್ರದ ಮೇಲ್ಮೈ ತಾಪಮಾನ, ಇಪ್ಪತ್ತೊಂಬತ್ತು ಡಿಗ್ರಿ. ಚಪ್ಪಾಳೆ ಬಿತ್ತು. ಅತಿಥಿಗಳು ತಮ್ಮ ಭಾಷಣದಲ್ಲಿ, ವಿಜ್ಞಾನವನ್ನು ತಾಲೂಕು ಮಟ್ಟಕ್ಕೆ ಒಯ್ದ ಇಂಥ ಸಂಸ್ಥೆಯನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದರು. ಆ ಮಾತು ಮಾತ್ರ ಅಕ್ಷರಶಃ ನಿಜ.

ಗೆಳತಿ ಎರಡು ಸಾಲು ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ.

ಸಭೆ ಮುಗಿದ ಮೇಲೆ ನಿರ್ದೇಶಕರನ್ನು ಹಿಡಿದೆ. ಖಾನಾಪುರಕ್ಕೆ ಸಮುದ್ರದ ತಾಪಮಾನ ಹೇಗೆ ಬಂತು ಎಂದು ಕೇಳಿದೆ.

“ತಾಪಮಾನ ಎಲ್ಲಾ ಕಡೆ ಇರತೈತಲ್ರಿ ಮೇಡಂ.”

“ಸಮುದ್ರ ಇರಂಗಿಲ್ರಿ ಸರ್.”

ಅವರು ಒಂದು ಗಳಿಗೆ ಯೋಚಿಸಿದರು. “ಒಂದ ಕಾಲಕ್ಕ ಇದ್ದಿರಬೇಕು” ಎಂದು ಹೇಳಿ ಅತಿಥಿಗಳ ಊಟದ ಕಡೆ ನಡೆದರು.

ಮರುದಿನ ಪೇಪರಿನಲ್ಲಿ ಫೋಟೋ ಸಮೇತ ಬಂತು. ನಮ್ಮ ಅತ್ತೆಗೆ ಓದು ಬರೆಹ ಚೆನ್ನಾಗಿ ಬರುತ್ತದೆ, ಪೇಪರನ್ನು ತಲೆಬರೆಹದಿಂದ ಮುದ್ರಕರ ಹೆಸರಿನವರೆಗೆ ಓದುವವರು. ಖಾನಾಪುರದಲ್ಲಿ ಸಮುದ್ರದ ಶಾಖ ಏರಿಕೆ ಎಂಬುದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಬಾಜೂ ಮನಿಯವ್ರು ಸಮುದ್ರ ಇಲ್ಲಿತನಕ ಬಂದ್ರ ಮೀನ ಅಗ್ಗ ಆಗತಾವ ಅಂತ ಖುಷಿ ಆಗ್ಯಾರ. ನಾವು ಲಿಂಗಾಯತರು, ನಮಗೇನ ಉಪಯೋಗ ಅದರದು?” ಎಂದರು. ಅತ್ತೆ ಕುಚೋದ್ಯ ಮಾಡುತ್ತಿದ್ದಾರೋ ಖರೆ ಕೇಳುತ್ತಿದ್ದಾರೋ ತಿಳಿಯಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳು ಮಾತ್ರ ಖರೆಯೇ ಕೇಳಿದರು. ಒಬ್ಬರು ಮಲಪ್ರಭೆಯ ದಂಡೆಗೆ ಸೈಟು ಕೊಂಡವರು, ನೀರು ಎಲ್ಲಿಯವರೆಗೆ ಬರಬಹುದು ಎಂದು ನನ್ನ ಗಂಡನನ್ನು ವಿಚಾರಿಸಿಕೊಂಡು ಹೋದರು. ಊರಿಗೆ ಊರೇ ಒಂದು ವಾರ ಸಮುದ್ರದ ಮಾತಾಡಿತು. ಘಟ್ಟವೇರಿ ಸಮುದ್ರ ಬರುವುದು ಸಾಧ್ಯವೇ ಎಂದು ಒಬ್ಬರೂ ಅನುಮಾನಪಡಲಿಲ್ಲ. ಪೇಪರಿನಲ್ಲಿ ಬಂದಿತ್ತಲ್ಲ.

ರೈಲಿನಲ್ಲಿ ಗೆಳತಿಯೊಡನೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಸುಮ್ಮನಿರಲಾಗದೆ, ಕಲಿತದ್ದೆಲ್ಲ ಇದಕ್ಕೇ ಏನು ಎಂದು ಕೇಳಿಯೇ ಬಿಟ್ಟೆ. ಇನ್ನೂ ಕೆಲವು ಮಾತು ಅಂದೆ. ಅವಳು ಮಡಿಲಲ್ಲಿದ್ದ ಊಟದ ಚೀಲವನ್ನು ಪಕ್ಕಕ್ಕಿಟ್ಟಳು.

“ಅಕ್ಕಾ, ನೀವು ಆಗಂಗಿಲ್ಲ ಅಂದು ಎದ್ದ ಬಂದ್ರಿ. ಚೊಲೋ ಆತು. ನೀವು ಎದ್ದ ಬಂದ ಮ್ಯಾಲ ಕುರ್ಚಿ ಖಾಲಿ ಉಳೀತೇನ್ರಿ? ಅರ್ಧ ತಾಸಿಗೆ ನನ್ನ ಕರದ್ರು. ನಿಮ್ಮ ಮನ್ಯಾಗ ಅಂಗಡಿ ಐತಿ. ನಮ್ಮ ಮನಿ ನನ್ನ ಪಗಾರದ ಮ್ಯಾಲ ನಡೀತೈತಿ.”

ಅವಳ ಗಂಡ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ. ಅವನ ಗುಳಿಗೆ ಹೋಗುತ್ತಿದ್ದದ್ದು ನಮ್ಮ ಅಂಗಡಿಯಿಂದಲೇ.

“ಆ ಬೋಯ್ ತಗಿ ಅಂದ್ರು, ತಗದೆ. ನೆಲ ತುಂಬಸು ಅಂದ್ರು. ಇದು ಅಗದೀ ಹುಚ್ಚತನ, ಇಷ್ಟು ದೊಡ್ಡ ಪರದಿ ಮ್ಯಾಲ ಕಂಡ್ರ ಯಾರಾದ್ರೂ ನಕ್ಕಾರು, ತಾವಾಗೇ ತಗಿ ಅಂತಾರ ಅನಕೊಂಡು ತುಂಬ್ಸಿದೆ. ಯಾರೂ ನಗಲಿಲ್ಲ.” ಅವಳ ಕಣ್ಣಲ್ಲಿ ನೀರು ಬಂದಿತ್ತು. “ನೀವೂ ಅಲ್ಲೇ ಇದ್ರಿ. ನೀವೂ ನಗಲಿಲ್ಲ.”

ದೇಸೂರ ಬಂತು, ಹೋಯಿತು. ನಾನು ಅಲ್ಲಿಯವರೆಗೆ ನನ್ನ ತಿರಸ್ಕಾರವನ್ನು ಒಂದು ದೊಡ್ಡ ಗುಣವೆಂದು ತಿಳಿದಿದ್ದೆ. ಅದನ್ನು ಇಟ್ಟುಕೊಳ್ಳಲು ಎಲ್ಲರಿಗೂ ಮನೆಯಲ್ಲಿ ಜಾಗವಿರುವುದಿಲ್ಲ ಎಂದು ಆ ದಿನ ಗೊತ್ತಾಯಿತು. ನಿರ್ದೇಶಕರ ಮೇಲಿನದು ಇದರಿಂದೇನೂ ಕಡಿಮೆಯಾಗಲಿಲ್ಲ. ಇವಳ ಮೇಲಿನದು ಮಾತ್ರ ಹೋಯಿತು.

ಅವಳು ಆ ಮಾತು ಆಡಿ ಸುಮ್ಮನಾಗುವವಳಾಗಿರಲಿಲ್ಲ. ಮುಂದಿನ ವಾರ ಪ್ರೋಗ್ರಾಮು ತೆರೆದು ನೆಲವನ್ನು ನೆಲಕ್ಕೆ ಮರಳಿಸಿದಳು. ಬೋಯ್ ಅಳತೆಯನ್ನೂ ವಾಪಸು ಹಾಕಿದಳು. ನನ್ನನ್ನು ಕರೆದು ತೂಕ ಸರಿಯಿದೆಯೇ ನೋಡಿ ಎಂದಳು. ಸರಿಯಿತ್ತು. ನಿರ್ದೇಶಕರಿಗೆ ಯಾರು ಹೇಳುವುದು ಎಂದೆ. “ಪರದಿನ ಹೇಳತೈತಿ ತಗೋರಿ” ಎಂದಳು.

ಹೇಳಿತು. ಧಾರವಾಡದ ಕಡೆಯಿಂದ ಕೆಲವು ಅಧ್ಯಾಪಕರು ಕೇಂದ್ರ ನೋಡಲು ಬಂದಿದ್ದರು. ನಿರ್ದೇಶಕರು ಪರದೆಯ ಮುಂದೆ ನಿಂತು ಗತ್ತಿನಿಂದ ಖಾನಾಪುರ ಮುಟ್ಟಿದರು. ಇಲ್ಲಿ ಸಮುದ್ರವಿಲ್ಲ ಎಂದು ಮೂಡಿತು. ಮತ್ತೊಮ್ಮೆ ಮುಟ್ಟಿದರು. ಮತ್ತೆ ಅದೇ. ನಾವಿಬ್ಬರೂ ಹಿಂದೆ ನಿಂತಿದ್ದೆವು.

ನಿರ್ದೇಶಕರು ತಿರುಗಿ, ಮುಖದ ಒಂದು ಗೆರೆಯೂ ಅಲುಗದಂತೆ, “ನೋಡ್ರಿ, ನಮ್ಮ ವ್ಯವಸ್ಥಾ ಎಷ್ಟ ಹುಷಾರ ಐತಿ. ಸಮುದ್ರ ಎಲ್ಲಿ ಇಲ್ಲ ಅನ್ನೂದೂ ಅದಕ್ಕ ಗೊತ್ತಾಗತೈತಿ” ಎಂದರು. ಬಂದವರು ತಲೆದೂಗಿದರು. ಒಬ್ಬರು ಬರೆದುಕೊಂಡರು. ಎರಡು ದಿನ ಬಿಟ್ಟು ಪೇಪರಿನಲ್ಲಿ ಇನ್ನೊಂದು ಸುದ್ದಿ: ಸುಧಾರಿತ ತಂತ್ರಜ್ಞಾನದಿಂದ ಖಾನಾಪುರಕ್ಕೆ ಸಮುದ್ರದ ಭೀತಿ ಇಲ್ಲವೆಂದು ದೃಢ. ಸೈಟು ಕೊಂಡಿದ್ದ ಗಿರಾಕಿ ಅಂಗಡಿಗೆ ಬಂದು ಪೇಢೆ ಹಂಚಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಅಲ್ಲೇ ಇರುತ್ತಿದ್ದೆನೋ ಏನೋ. ಸುಳ್ಳನ್ನು ಸಹಿಸಬಹುದು, ಒಂದು ದಿನ ತಿದ್ದಬಹುದು. ಖರೆ ಮಾತು ಅಂಥವರ ಕೈಗೆ ಸಿಕ್ಕಾಗ ಅದರ ಗತಿ ನೋಡಲಾಗುವುದಿಲ್ಲ. ನೀಲಿ ಪಟ್ಟಿ ಈಗ ಪರದೆಯ ಮೇಲಿತ್ತಲ್ಲ, ಅದನ್ನು ಮುಚ್ಚಲಾಗದ ಮೇಲೆ ನಿರ್ದೇಶಕರು ಅದನ್ನು ತಮ್ಮ ಶೋಧ ಮಾಡಿಕೊಂಡರು. ಖಾನಾಪುರದಲ್ಲಿ ಒಂದು ಸಾರ್ವಜನಿಕ ಉಪನ್ಯಾಸ ಇಟ್ಟರು. ಖಾನಾಪುರದ ದಟ್ಟ ಅಡವಿಯ ತಂಪು ಗಾಳಿ ಘಟ್ಟ ಇಳಿದು ಹೋಗಿ ಕಾರವಾರದ ಸಮುದ್ರವನ್ನು ತಂಪು ಮಾಡುತ್ತಿದೆ, ಆದ್ದರಿಂದ ಈ ತಾಲೂಕು ದೇಶಕ್ಕೇ ಉಪಕಾರ ಮಾಡುತ್ತಿದೆ ಎಂದು ಮುಕ್ಕಾಲು ತಾಸು ಮಾತಾಡಿದರು. ಜನ ಮೈಮರೆತು ಕೇಳಿದರು. ಅತ್ತೆ ಮುಂದಿನ ಸಾಲಿನಲ್ಲಿದ್ದರು.

ನಾನು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ. ಮಳೆಗಾಲದಲ್ಲಿ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಬೀಸುತ್ತದೆ ಎಂದು. ಸಮುದ್ರದಿಂದ ಘಟ್ಟಕ್ಕೆ ಬೀಸುತ್ತದೆಂದು ಆ ಸಭೆಯಲ್ಲಿ ಕೊಡೆ ಹಿಡಿದು ನಡೆದ ಪ್ರತಿಯೊಬ್ಬರಿಗೂ ಗೊತ್ತು. ನಿರ್ದೇಶಕರು ನಕ್ಕು, ಮೇಡಂ ಅವರು ಬಹಳ ಸೂಕ್ಷ್ಮವಾದ ಪ್ರಶ್ನೆ ಕೇಳಿದ್ದಾರೆ, ಆಮೇಲೆ ಕೂತು ಚರ್ಚಿಸೋಣ ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ಮನೆಗೆ ನಡೆದು ಬರುವಾಗ ಅತ್ತೆ, “ನಿಮ್ಮ ಸಾಹೇಬ್ರು ನಮ್ಮೂರನ ಎಷ್ಟ ಚಂದ ಹೊಗಳಿದ್ರು. ನೀ ಯಾಕವಾ ನಡಬರಕ ಬಾಯಿ ಹಾಕ್ದಿ?” ಎಂದರು. ಇಡೀ ಊರಿನ ತೀರ್ಪೂ ಅದೇ ಆಗಿತ್ತು.

ಆ ವರ್ಷದ ಪರೀಕ್ಷೆ ಮುಗಿಯುತ್ತಲೇ ನೌಕರಿ ಬಿಟ್ಟೆ. ನಿರ್ದೇಶಕರು ಬೀಳ್ಕೊಡುಗೆಗೆ ಒಂದು ಶಾಲು ಹೊದಿಸಿ, ನನ್ನ ಅಳತೆಯ ನಿಷ್ಠೆ ಕೇಂದ್ರಕ್ಕೆ ದಾರಿದೀಪ ಎಂದರು. ಈಗ ಖಾನಾಪುರದಲ್ಲೇ ಬೆಳಿಗ್ಗೆ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಕೂರುತ್ತೇನೆ. ನನ್ನ ಕುರ್ಚಿಯಲ್ಲಿ ಗೆಳತಿ ಇದ್ದಾಳೆ. ನಕಾಶೆ ದಿನವೂ ಬರುತ್ತದೆ. ನಾನು ಮಾಡುತ್ತಿದ್ದುದಕ್ಕಿಂತ ಅಚ್ಚುಕಟ್ಟಾಗಿದೆ, ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ ಎಂದರೆ ಯಾರೂ ನಂಬಬೇಕಾಗಿಲ್ಲ.

ಮೊನ್ನೆ ರೈಲು ಇಳಿದವಳು ಗಂಡನ ಔಷಧಕ್ಕೆಂದು ಅಂಗಡಿಗೆ ಬಂದಳು. ತನಗೂ ತಲೆನೋವಿನ ಒಂದು ಗುಳಿಗೆ ಕೇಳಿದಳು. ನಿರ್ದೇಶಕರು ಈಗ ಇಡೀ ಹಿಂದೂ ಮಹಾಸಾಗರದ ನಕಾಶೆ ಬೇಕು ಎನ್ನುತ್ತಿದ್ದಾರಂತೆ, ಯಾವುದೋ ಸಮಾರಂಭಕ್ಕೆ. ಮತ್ತೆ ಕೆಲವು ಅಳತೆಗಳನ್ನು ತೆಗೆದುಹಾಕಬೇಕೆಂದರಂತೆ. ಮಾಡಲು ಬರುತ್ತದೆ, ಆದರೆ ಯಾವ ಅಳತೆಯನ್ನೂ ತೆಗೆದುಹಾಕುವುದಿಲ್ಲ ಎಂದು ಹೇಳಿದ್ದಾಳೆ.

“ಏನಂದ್ರು?” ಎಂದೆ.

“ನೀವೂ ಹಳೇ ಮೇಡಂ ಅವರಂಗ ಆಗಾಕತ್ತೀರಿ ಅಂದ್ರು.”

“ನೀ ಏನಂದಿ?”

“ಹೌದ್ರಿ ಅಂದೆ.”

ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟೆ. ಗುಳಿಗೆ ಅಲ್ಲೇ ನುಂಗಿ, ಔಷಧದ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.